ಬಿರುಕು ಶಿಲೆಯ ಅಂತರ್ಜಲ ಮತ್ತು ಕೈಗಾರಿಕಾ ದ್ರಾವಕಗಳು

ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್, ಔಷಧ ತಯಾರಿಕೆಯಲ್ಲಿ ಬಳಸುವ ಡೈಕ್ಲೋರೋಮೀಥೇನ್‌ನಂಥ ದ್ರಾವಕಗಳು ಸೋರಿ ಗಟ್ಟಿ ಶಿಲೆಯ ಬಿರುಕುಗಳಿಗೆ ಇಳಿದರೆ ಅಲ್ಲಿನ ನೀರನ್ನು ಮತ್ತೆ ಶುದ್ಧಗೊಳಿಸುವುದು ಬಹಳ ಕಷ್ಟ.

ಇಂಥ ಗಟ್ಟಿ ಶಿಲೆ ಹಾಸನ ಜಿಲ್ಲೆಯಲ್ಲೂ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಬಹುಭಾಗ ನಿಂತಿರುವುದು ನೈಸ್ ಶಿಲೆಯ ಮೇಲೆ. ನಡುನಡುವೆ ಹೊಳೆನರಸೀಪುರ, ನುಗ್ಗೇಹಳ್ಳಿಯ ಶಿಸ್ಟ್ ಪಟ್ಟಿಗಳಿವೆ. ಇದೇ ಜಿಲ್ಲೆಯ ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಇಂಥ ಬಂಡೆಯ ಒಡಲಲ್ಲಿ ನೀರಿಗೆ ಜಾಗವಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಸ್ವಲ್ಪ, ಕೆಳಗಿನ ಬಿರುಕುಗಳಲ್ಲಿ ಸ್ವಲ್ಪ ನಿಲ್ಲುತ್ತದೆ. ಹಿಂದಿನ ತೆರೆದ ಬಾವಿಗಳು ಮೇಲಿನ ಪದರವನ್ನು ನಂಬಿದ್ದವು. ಇಂದಿನ ಕೊಳವೆಬಾವಿಗಳು ಬಿರುಕುಗಳನ್ನು ನಂಬಿವೆ.

ಎಣ್ಣೆ ಚೆಲ್ಲಿದರೆ ನೀರಿನ ಮೇಲೆ ತೇಲುತ್ತದೆ. ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು 1.46 ಪಟ್ಟು ಭಾರ. ನೀರಿನ ಮಟ್ಟ ದಾಟಿಯೂ ಕೆಳಗಿಳಿದು, ಬಿರುಕಿನ ಮೊಂಡುತುದಿಯಲ್ಲಿ ನಿಂತು, ವರ್ಷಗಟ್ಟಲೆ ಕರಗುತ್ತಿರುತ್ತದೆ. ಅಮೆರಿಕದ ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಲೆಕ್ಕ ಹಾಕಿದರೆ ಒಂದೇ ಲೀಟರ್ ದ್ರಾವಕ ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ನಿರ್ಧರಿಸಿತು. ಲೀಟರಿಗೆ 5 ಮೈಕ್ರೋಗ್ರಾಂ ಮಟ್ಟದಲ್ಲಿ ವಾಸನೆಯಾಗಲಿ ಬಣ್ಣವಾಗಲಿ ಸುಳಿವು ಕೊಡುವುದಿಲ್ಲ.

ಕೊಳವೆಬಾವಿ ಕೊರೆಯುವಾಗ ಕೇಸಿಂಗ್ ಪೈಪನ್ನು ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ ಇಳಿಸುತ್ತಾರೆ. ಅಲ್ಲಿಂದ ಕೆಳಗೆ ಬರಿಯ ರಂಧ್ರ. ಅದುವರೆಗೆ ಒಂದಕ್ಕೊಂದು ತಾಕದ ಬಿರುಕುಗಳನ್ನು ಆ ರಂಧ್ರ ಜೋಡಿಸುತ್ತದೆ. ಸೋರಿಕೆಯ ಪಕ್ಕದ ತೋಟದ ಬಾವಿ ಶುದ್ಧವಿದ್ದು, ದೂರದ ಊರಿನದು ಕೆಟ್ಟಿರಬಹುದು. ಬಿರುಕು ಯಾವ ದಿಕ್ಕಿಗೆ ಹೋಗಿದೆಯೋ ಮಾಲಿನ್ಯವೂ ಆ ದಿಕ್ಕಿಗೇ.

ಬೆಂಗಳೂರಿನ ಪೀಣ್ಯದಲ್ಲೂ ಇಂಥದೇ ಗಟ್ಟಿ ಶಿಲೆ. ಅಲ್ಲಿನ ಅಂತರ್ಜಲದಲ್ಲಿ ಕಂಡುಬಂದ ವಿಷ ದ್ರಾವಕವಲ್ಲ, ಕ್ರೋಮಿಯಂ. ಆದರೆ ಕ್ರೋಮಿಯಂ ಬಳಸುವ ಲೋಹಲೇಪನಕ್ಕೆ ಮೊದಲು ಜಿಡ್ಡು ತೆಗೆಯಲೇಬೇಕು. ಹಾಗಾಗಿ ಲೇಪನದ ಘಟಕಗಳಿದ್ದ ಕಡೆ ನೀರಿನಲ್ಲಿ ಲೋಹಗಳ ಜೊತೆ ದ್ರಾವಕವನ್ನೂ ಹುಡುಕಬೇಕು. ಔಷಧ ಘಟಕಗಳ ವಿಶೇಷ ಆರ್ಥಿಕ ವಲಯವಿರುವ ಹಾಸನದಲ್ಲೂ ಈ ಪರೀಕ್ಷೆ ನಿಯಮಿತವಾಗಿ ನಡೆಯಬೇಕು.

ದ್ರಾವಕ ಒಮ್ಮೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಉದಾಹರಣೆಯಿದೆ. ನ್ಯೂಜೆರ್ಸಿಯ ವೆಸ್ಟ್ ಟ್ರೆಂಟನ್‌ನಲ್ಲಿ ಜೆಟ್ ಎಂಜಿನ್ ಪರೀಕ್ಷಾ ಕೇಂದ್ರದ ದ್ರಾವಕ ಬಿರುಕು ಶಿಲೆಗಿಳಿದಿತ್ತು. 1990ರ ದಶಕದಿಂದ ನೀರೆತ್ತಿ ಶುದ್ಧೀಕರಿಸಿದರೂ ಮಾಲಿನ್ಯ ದಶಕಗಳ ಕಾಲ ಉಳಿಯಿತು.

ಬತ್ತಿದ ಕೊಳವೆಬಾವಿಗಳೂ ದ್ರಾವಕ ಕೆಳಗಿಳಿಯುವ ದಾರಿಯಾಗಬಲ್ಲವು. ಅವನ್ನು ತಳದಿಂದ ಮೇಲಿನವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಮಕ್ಕಳ ಜೀವ ಉಳಿಸಲೆಂದು. ಅದಕ್ಕೆ ಮರಳು, ಕಲ್ಲು ಸಾಕು. ಆದರೆ ದ್ರಾವಕ ಮರಳಿನ ಸಂದಿಯಲ್ಲೇ ಇಳಿದುಹೋಗುತ್ತದೆ. ಅದನ್ನು ತಡೆಯಲು ಬೆಂಟೋನೈಟ್ ಜೇಡಿ ಅಥವಾ ಸಿಮೆಂಟ್ ಗಾರೆಯನ್ನೇ ತುಂಬಬೇಕು.