ಸಹಿ ಹಾಕುವ ಹೊತ್ತು

2020ರ ಜುಲೈನಲ್ಲಿ ಟ್ವಿಟರ್‌ನಲ್ಲಿ ಯಾರೋ ಕೆಣಕಿದ್ದಕ್ಕೆ ಟೆಸ್ಲಾದ ಎಲಾನ್ ಮಸ್ಕ್, ನಮಗೆ ಬೇಕಾದವರ ಸರ್ಕಾರ ಉರುಳಿಸುತ್ತೇವೆ, ಏನೀಗ ಎಂಬರ್ಥದ ಉತ್ತರ ಬರೆದು ಆಮೇಲೆ ಅಳಿಸಿಹಾಕಿದರು. ಕೆಣಕಿದವರು ಎತ್ತಿದ್ದು ಬೊಲಿವಿಯಾದ ಮಾತು. ಅಲ್ಲಿ ಎಂಟು ತಿಂಗಳ ಹಿಂದಷ್ಟೇ ಅಧ್ಯಕ್ಷ ಇವೊ ಮೊರಾಲೆಸ್ ಸೇನಾ ಮುಖ್ಯಸ್ಥರ ‘ಸಲಹೆ’ಯಂತೆ ರಾಜೀನಾಮೆ ಕೊಟ್ಟು ದೇಶ ಬಿಟ್ಟಿದ್ದರು. ಬೊಲಿವಿಯಾದಲ್ಲಿ ಲಿಥಿಯಂ ಇದೆ, ಟೆಸ್ಲಾಕ್ಕೆ ಲಿಥಿಯಂ ಬೇಕು. ಎರಡನ್ನೂ ಕೂಡಿಸಿ ‘ಲಿಥಿಯಂ ಕ್ಷಿಪ್ರಕ್ರಾಂತಿ’ಯ ಕತೆ ಜಗತ್ತಿನ ತುಂಬ ಹರಡಿತು. ಈ ಕತೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗಣಿ ಕಂಪನಿಗಳು ಸಾಧುಗಳೆಂದಲ್ಲ. ಅರವತ್ತು ವರ್ಷಗಳಲ್ಲಿ ಅವುಗಳ ವರಸೆ ಎಷ್ಟು ಬದಲಾಗಿದೆ ಎಂಬುದು ಇಂಥ ಕತೆಯಲ್ಲಿ ಮರೆಯಾಗುತ್ತದೆ.

ಹಳೆಯ ವರಸೆ ನೋಡಬೇಕಾದರೆ ಕಾಂಗೋದ ಕಟಂಗಾಕ್ಕೆ ಹೋಗಬೇಕು. 1960ರ ಜೂನ್ 30ರಂದು ಕಾಂಗೋ ಬೆಲ್ಜಿಯಂನಿಂದ ಸ್ವತಂತ್ರವಾಯಿತು. ಹನ್ನೊಂದೇ ದಿನಕ್ಕೆ ಮೊಯಿಸ್ ಚೊಂಬೆ, ಕಟಂಗಾ ಬೇರೆಯೇ ದೇಶವೆಂದು ಸಾರಿದರು. ಆ ಪ್ರಾಂತ್ಯದ ತಾಮ್ರ, ಕೋಬಾಲ್ಟ್ ಗಣಿಗಳೆಲ್ಲ ಯೂನಿಯನ್ ಮಿನಿಯೆರ್ ಎಂಬ ಬೆಲ್ಜಿಯಂ ಕಂಪನಿಯ ಕೈಲಿದ್ದವು. ಕಂಪನಿ ಕೇಂದ್ರ ಸರ್ಕಾರಕ್ಕೆ ಕಟ್ಟಬೇಕಿದ್ದ ತೆರಿಗೆಯನ್ನು ಚೊಂಬೆಗೆ ಕಟ್ಟಿತು. ಆ ಹಣದಲ್ಲಿ ಬಾಡಿಗೆ ಸೈನಿಕರು ಬಂದರು. ಪದಚ್ಯುತ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾರನ್ನು 1961ರ ಜನವರಿ 17ರಂದು ಕೊಂದದ್ದು ಇದೇ ಕಟಂಗಾದ ನೆಲದಲ್ಲಿ. ಅದರ ನೈತಿಕ ಹೊಣೆ ತನ್ನ ಕೆಲವು ಸಚಿವರ ಮೇಲಿದೆಯೆಂದು ಬೆಲ್ಜಿಯಂನ ಸಂಸದೀಯ ಆಯೋಗ ಹೇಳಿದ್ದು ನಲವತ್ತು ವರ್ಷ ಕಳೆದ ಮೇಲೆ. ಇಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಒಪ್ಪದ ಸರ್ಕಾರವಿದ್ದರೆ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿಕೊಳ್ಳುವ ಕಾಲ ಅದು.

ಆಗ ಕೋಬಾಲ್ಟ್ ಹೋಗುತ್ತಿದ್ದುದು ಜೆಟ್ ಎಂಜಿನ್ನಿನ ಮಿಶ್ರಲೋಹಕ್ಕೆ, ಅಯಸ್ಕಾಂತಕ್ಕೆ. 1978ರಲ್ಲಿ ಅಂಗೋಲಾ ಕಡೆಯಿಂದ ನುಗ್ಗಿದ ಬಂಡುಕೋರರು ಕಟಂಗಾದ ಗಣಿಪಟ್ಟಣ ಕೊಲ್ವೆಜಿಯನ್ನು ಹಿಡಿದಾಗ ಕೋಬಾಲ್ಟ್ ಬೆಲೆ ಹಲವು ಪಟ್ಟು ಏರಿತು. ಧ್ವನಿವರ್ಧಕ ತಯಾರಕರು ಕೋಬಾಲ್ಟ್ ಬಿಟ್ಟು ಫೆರೈಟ್ ಅಯಸ್ಕಾಂತಕ್ಕೆ ಹೊರಳಿದರು. ಆದರೆ ಇನ್ನೆರಡು ವರ್ಷಕ್ಕೆ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ತಂಡ ಲಿಥಿಯಂ-ಕೋಬಾಲ್ಟ್ ಆಕ್ಸೈಡಿನ ಗುಣ ಕಂಡುಹಿಡಿಯಿತು. 1991ರಲ್ಲಿ ಸೋನಿ ಅದನ್ನೇ ಬ್ಯಾಟರಿ ಮಾಡಿ ಮಾರುಕಟ್ಟೆಗೆ ತಂದಿತು. ಒಂದು ಉದ್ಯಮ ಬೇಡವೆಂದು ಕೈಬಿಟ್ಟ ಲೋಹ ಇನ್ನೊಂದಕ್ಕೆ ಜೀವಾಳವಾಯಿತು.

ಹೊಸ ವರಸೆಯನ್ನು ಕೊಲ್ವೆಜಿಯ ಒಂದೇ ಮಣ್ಣಿನ ರಾಶಿಯಲ್ಲಿ ನೋಡಬಹುದು. ದಶಕಗಳ ಕಾಲ ಅದಿರು ತೊಳೆದು ಬಿಸಾಡಿದ ತ್ಯಾಜ್ಯ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ. ಆ ತ್ಯಾಜ್ಯದಲ್ಲಿ ತಾಮ್ರ, ಕೋಬಾಲ್ಟ್ ಇನ್ನೂ ಬೇಕಾದಷ್ಟಿತ್ತು. 1997ರಲ್ಲಿ ಲಾರೆಂಟ್ ಕಬಿಲಾರ ಬಂಡುಕೋರ ಪಡೆ ರಾಜಧಾನಿಯ ಕಡೆ ಬರುತ್ತಿತ್ತು. ಕಿನ್ಶಾಸಾ ಬಿದ್ದದ್ದು ಮೇ 17ರಂದು. ಅಮೆರಿಕನ್ ಮಿನರಲ್ ಫೀಲ್ಡ್ಸ್ ಎಂಬ ಕಂಪನಿ ಅದಕ್ಕೂ ಒಂದು ತಿಂಗಳು ಮೊದಲೇ ಬಂಡುಕೋರರ ಜೊತೆ ಒಪ್ಪಂದ ಮುಗಿಸಿಕೊಂಡಿತ್ತು. ಈ ರಾಶಿಯೂ ಅದರಲ್ಲಿತ್ತು. ಆ ಕಂಪನಿ ಹೆಸರು ಬದಲಿಸಿಕೊಂಡಿತು, ಆಮೇಲೆ ಕೆನಡಾದ ಫಸ್ಟ್ ಕ್ವಾಂಟಂ ಅದನ್ನು ಕೊಂಡಿತು. 2009ರಲ್ಲಿ ಸರ್ಕಾರ ಪರವಾನಗಿ ಕಿತ್ತುಕೊಂಡಿತು. ಮರುವರ್ಷವೇ ರಾಶಿ ಅಂದಿನ ಅಧ್ಯಕ್ಷರಿಗೆ ಆಪ್ತರಾಗಿದ್ದ ಇಸ್ರೇಲಿ ವ್ಯಾಪಾರಿ ಡ್ಯಾನ್ ಗರ್ಟ್ಲರ್‌ಗೆ ಸೇರಿದ ಕಂಪನಿಗಳ ಮೂಲಕ ಕಝಕಸ್ತಾನ ಮೂಲದ ಇಎನ್‌ಆರ್‌ಸಿ ಕೈಗೆ ಹೋಯಿತು. 2012ರಲ್ಲಿ ಇಎನ್‌ಆರ್‌ಸಿ ಫಸ್ಟ್ ಕ್ವಾಂಟಂಗೆ 125 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ತೀರಿಸಿಕೊಂಡಿತು. ಈ ಹದಿನೈದು ವರ್ಷಗಳಲ್ಲಿ ಯಾವ ಕಂಪನಿಯೂ ಸರ್ಕಾರ ಉರುಳಿಸಲು ಹೋಗಲಿಲ್ಲ. ಸರ್ಕಾರ ಯಾವಾಗ ಸಡಿಲವಾಗಿರುತ್ತದೆ, ಯಾರ ಕೈಲಿ ಕಾಸಿಲ್ಲ, ಮುಂದೆ ಯಾರು ಬರುತ್ತಾರೆ ಎಂದು ನೋಡಿಕೊಂಡು ಆ ಹೊತ್ತಿಗೆ ಸಹಿ ಹಾಕಿಸಿಕೊಂಡರೆ ಸಾಕಿತ್ತು.

ವಿದ್ವಾಂಸರ ಲೋಕದಲ್ಲಿ ಆಗ ಬೇರೆಯೇ ಮಾತು ನಡೆಯುತ್ತಿತ್ತು. 1993ರಲ್ಲಿ ರಿಚರ್ಡ್ ಆಟಿ ‘ಸಂಪನ್ಮೂಲ ಶಾಪ’ ಎಂಬ ಮಾತನ್ನು ಚಲಾವಣೆಗೆ ತಂದರು: ಖನಿಜವಿದ್ದ ದೇಶಗಳೇ ಹಿಂದುಳಿಯುತ್ತವೆ ಎಂದು. ಮಾತಿನಲ್ಲಿ ಸತ್ಯವಿದೆ. ಆದರೆ ಶಾಪವೆಂದ ಕೂಡಲೇ ತಪ್ಪೆಲ್ಲ ಮಾರುವವನ ಜಾತಕಕ್ಕೆ ಹೋಗುತ್ತದೆ. ಕೊಳ್ಳುವವನ ಲೆಕ್ಕ ಯಾರೂ ಕೇಳುವುದಿಲ್ಲ. ವಿಶ್ವಸಂಸ್ಥೆಯ ತಜ್ಞರ ಸಮಿತಿ 2002ರಲ್ಲಿ ಕಾಂಗೋ ವ್ಯವಹಾರದಲ್ಲಿ ನೀತಿ ಮೀರಿದ 85 ಕಂಪನಿಗಳ ಹೆಸರು ಪಟ್ಟಿ ಮಾಡಿದಾಗಲೇ ಆ ಕಡೆಗೂ ಬೆಳಕು ಬಿದ್ದದ್ದು. ಗ್ಲೆನ್‌ಕೋರ್ ಎಂಬ ಗಣಿ ಕಂಪನಿ ಕಾಂಗೋವೂ ಸೇರಿ ಹಲವು ದೇಶಗಳಲ್ಲಿ ಲಂಚ ಕೊಟ್ಟಿದ್ದನ್ನು ಒಪ್ಪಿಕೊಳ್ಳಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಇನ್ನು ಬೊಲಿವಿಯಾ. ಉಯುನಿಯ ಉಪ್ಪಿನ ಬಯಲು ಸಮುದ್ರಮಟ್ಟದಿಂದ 3,600 ಮೀಟರಿಗೂ ಎತ್ತರದಲ್ಲಿದೆ, ವಿಸ್ತೀರ್ಣ ಸುಮಾರು 10,000 ಚದರ ಕಿಲೋಮೀಟರ್. ಲಿಥಿಯಂ ತೆಗೆಯಲು ಅಲ್ಲಿ ಉಪ್ಪಿನ ಪದರದಡಿಯ ನೀರನ್ನು ಮೇಲೆತ್ತಿ ಕೊಳಗಳಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಬಿಡಬೇಕು. ಅದರಲ್ಲಿ ಮೆಗ್ನೀಸಿಯಂ ಹೆಚ್ಚು, ಸಾಲದ್ದಕ್ಕೆ ಮಳೆಗಾಲ ಬಂದು ಕೊಳವನ್ನು ಮತ್ತೆ ತೆಳುವಾಗಿಸುತ್ತದೆ. ಹಾಗಾಗಿ ನಿಕ್ಷೇಪ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದಾದರೂ ಉತ್ಪಾದನೆಯಲ್ಲಿ ನೆರೆಯ ಚಿಲಿ ಬಹಳ ಮುಂದೆ. ಇಲ್ಲಿಯ ಜನ ತಮ್ಮ ಪೊಟೊಸಿ ಪ್ರಾಂತ್ಯದ ಬೆಳ್ಳಿ ಸ್ಪೇನಿಗೆ ಹೋದದ್ದನ್ನೂ, ತವರದ ದೊರೆಗಳು ದೇಶ ಆಳಿದ್ದನ್ನೂ ಮರೆತಿಲ್ಲ. 1992ರಲ್ಲಿ ಅಧ್ಯಕ್ಷ ಹೈಮೆ ಪಾಸ್ ಸಮೋರಾ ಅಮೆರಿಕದ ಲಿಥ್‌ಕೋ ಕಂಪನಿಗೆ ಗುತ್ತಿಗೆ ಕೊಟ್ಟಾಗ ಪೊಟೊಸಿ ತಿರುಗಿಬಿತ್ತು. ಕಂಪನಿ ಗಂಟುಮೂಟೆ ಕಟ್ಟಿ ಅರ್ಜೆಂಟೀನಾಕ್ಕೆ ಹೋಯಿತು.

2019ರಲ್ಲಿ ಆದದ್ದೂ ಬಹುಪಾಲು ಇದೇ. ಮೊರಾಲೆಸ್ ಸರ್ಕಾರ ಎಸಿಐ ಸಿಸ್ಟಮ್ಸ್ ಎಂಬ ಜರ್ಮನ್ ಕಂಪನಿಯ ಜೊತೆ ಪಾಲುದಾರಿಕೆ ಮಾಡಿಕೊಂಡಿತ್ತು. ನಮ್ಮ ಪಾಲಿನ ರಾಜಧನ ಸಾಲದು, ಶೇ. 3ರಿಂದ 11ಕ್ಕೆ ಏರಿಸಿ ಎಂದು ಪೊಟೊಸಿ ಬೀದಿಗಿಳಿಯಿತು. ಚುನಾವಣಾ ಅಕ್ರಮದ ಆರೋಪವೂ ಅದೇ ಹೊತ್ತಿಗೆ ಕೂಡಿಕೊಂಡಿತು. ನವೆಂಬರ್ ಮೊದಲ ವಾರ ಮೊರಾಲೆಸ್ ತಾವೇ ಒಪ್ಪಂದ ರದ್ದು ಮಾಡಿದರು, ಹತ್ತನೇ ತಾರೀಕು ಕುರ್ಚಿ ಹೋಯಿತು. ಪೊಟೊಸಿ ಚಳವಳಿಯ ಮುಂದಾಳು ಮಾರ್ಕೊ ಪುಮಾರಿ ಮುಂದೆ ಬಲಪಂಥೀಯ ಕಮಾಚೊ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತರು. ಸೇನೆ ಅಧ್ಯಕ್ಷರನ್ನು ಇಳಿಸಿದ್ದು ನಿಜ. ಆದರೆ ಒಪ್ಪಂದ ಕೈಲಿದ್ದ ವಿದೇಶಿ ಕಂಪನಿಗೆ ಈ ಗಲಭೆಯಿಂದ ಸಿಕ್ಕಿದ್ದೇನೂ ಇಲ್ಲ. ನಂತರ ಬಂದ ಹೆನೀನೆ ಆನ್ಯೆಸ್‌ರ ಕಾಲದಲ್ಲೂ ದೊಡ್ಡ ಲಿಥಿಯಂ ಗುತ್ತಿಗೆ ಕುದುರಲಿಲ್ಲ. ಮಸ್ಕ್‌ರ ಕೊಬ್ಬಿನ ಮಾತು ಎಲ್ಲರಿಗೂ ನೆನಪಿದೆ. ಲಿಥಿಯಂ ನಮಗೆ ಬರುವುದು ಆಸ್ಟ್ರೇಲಿಯಾದಿಂದ ಎಂದು ಅವರೇ ಅದರ ಹಿಂದೆಯೇ ಹೇಳಿದ್ದನ್ನು ಕೆಲವರಷ್ಟೇ ಗಮನಿಸಿದರು.

ಆಮೇಲೆ ಅಧ್ಯಕ್ಷರಾದ ಎಡಪಂಥೀಯ ಲೂಯಿಸ್ ಆರ್ಸೆ ಚೀನಾದ ಸಿಎಟಿಎಲ್ ನೇತೃತ್ವದ ಕೂಟವನ್ನೂ ರಷ್ಯಾದ ಯುರೇನಿಯಂ ಒನ್ ಅನ್ನೂ ಕರೆತಂದರು. ಡಾಲರ್ ಬರ ಬಂದು ಪೆಟ್ರೋಲಿಗೆ ಸಾಲು ನಿಂತ ದಿನಗಳಲ್ಲಿ ಆ ಗುತ್ತಿಗೆಗಳು ಸಂಸತ್ತಿಗೆ ಬಂದು ಜಗಳಕ್ಕೆ ಕಾರಣವಾದವು. 2025ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ರೊಡ್ರಿಗೊ ಪಾಸ್, ಲಿಥ್‌ಕೋಗೆ ಸಹಿ ಹಾಕಿದ್ದ ಅದೇ ಹೈಮೆ ಪಾಸ್‌ರ ಮಗ.

ಸರ್ಕಾರಗಳೂ ಹಠ ಕಲಿತಿವೆ. ಇಂಡೋನೇಷ್ಯಾ 2020ರಿಂದ ಹಸಿ ನಿಕ್ಕಲ್ ಅದಿರನ್ನು ಹೊರಗೆ ಬಿಡುತ್ತಿಲ್ಲ. ಅದರ ಲಾಭ ಹೆಚ್ಚಾಗಿ ಅಲ್ಲಿಗೇ ಬಂದು ಕುಲುಮೆ ಹೂಡಿದ ಚೀನೀ ಕಂಪನಿಗಳಿಗಾಯಿತು ಎಂಬುದು ಬೇರೆ ಮಾತು. ಜಗತ್ತಿನ ಕೋಬಾಲ್ಟ್‌ನಲ್ಲಿ ಶೇ. 70ಕ್ಕೂ ಹೆಚ್ಚು ಕೊಡುವ ಕಾಂಗೋ 2025ರ ಫೆಬ್ರವರಿಯಲ್ಲಿ ರಫ್ತು ನಿಲ್ಲಿಸಿತು, ಅಕ್ಟೋಬರಿನಿಂದ ಕಂಪನಿಗೆ ಇಷ್ಟೇ ಎಂದು ಕೋಟಾ ಹಾಕಿತು. ಬೆಲೆ ಏರಿತು. ಅದೇ ವರ್ಷ ಅಧ್ಯಕ್ಷ ಫೆಲಿಕ್ಸ್ ಚಿಸೆಕೆದಿ ಭದ್ರತೆ ಕೊಟ್ಟರೆ ಖನಿಜ ಕೊಡುತ್ತೇವೆಂದು ಅಮೆರಿಕದ ಮುಂದೆ ತಾವಾಗಿಯೇ ಪ್ರಸ್ತಾಪ ಇಟ್ಟರು. ಚೊಂಬೆಯ ಕಾಲದಲ್ಲಿ ಸೈನಿಕರನ್ನು ತಂದದ್ದು ಕಂಪನಿಯ ಹಣ. ಈಗ ಗಣಿ ತೋರಿಸಿ ರಕ್ಷಣೆ ಕೇಳುತ್ತಿರುವುದು ಸರ್ಕಾರವೇ. ಡಿಸೆಂಬರ್ 4ರಂದು ವಾಷಿಂಗ್ಟನ್ನಿನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಾಗ ದೇಶದ ಪೂರ್ವದ ದೊಡ್ಡ ಪಟ್ಟಣ ಗೋಮಾ ಎಂ23 ಬಂಡುಕೋರರ ಕೈಯಲ್ಲಿತ್ತು.