ಮೇಜಿನ ಮೇಲಿನ ರಣರಂಗ



ಚರಿತ್ರೆಯ ಪುಸ್ತಕದಲ್ಲಿ ಒಂದು ಯುದ್ಧದ ಪಾಠ ಓದುವಾಗ ನೀವು ಏನೇನನ್ನು ನೆನಪಿಡುತ್ತೀರಿ? ಇಸವಿ, ಸ್ಥಳ, ಗೆದ್ದವರು, ಸೋತವರು, ಕಾರಣಗಳು, ಪರಿಣಾಮಗಳು. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಯುದ್ಧದ ದಿನ ಬೆಳಗ್ಗೆ ಕುದುರೆಯೇರಿ ನಿಂತ ಸೇನಾಪತಿಗೆ ಇವುಗಳಲ್ಲಿ ಮುಖ್ಯವಾದದ್ದೇ ತಿಳಿದಿರಲಿಲ್ಲ. ಯಾರು ಗೆಲ್ಲುತ್ತಾರೆಂದು ಅವನು ಬಲ್ಲವನಾಗಿರಲಿಲ್ಲ. ಬೆಟ್ಟದ ಆಚೆ ಶತ್ರು ಎಷ್ಟಿದ್ದಾನೆ, ಕಳಿಸಿದ ಆಜ್ಞೆ ತಲುಪುವುದೋ ಇಲ್ಲವೋ, ಸಂಜೆಗೆ ಮಳೆ ಬರುವುದೋ ಏನೋ, ಎಲ್ಲವೂ ಅನಿಶ್ಚಿತ.

ಈ ಅನಿಶ್ಚಿತತೆಯೊಳಕ್ಕೆ ನಮ್ಮನ್ನು ಕೂರಿಸುವ ಒಂದು ಹವ್ಯಾಸವಿದೆ. ಒಂದು ದೊಡ್ಡ ಮೇಜು. ಅದರ ಮೇಲೆ ಹಸಿರು ಬಟ್ಟೆಯ ಬಯಲು, ರಟ್ಟಿನ ಮನೆಗಳು, ನೀಲಿ ಬಣ್ಣದ ಹೊಳೆ. ಹೆಬ್ಬೆರಳಿನ ಗಾತ್ರದ ಬಣ್ಣ ಬಳಿದ ಸೈನಿಕರು ಸಾಲುಗಟ್ಟಿ ನಿಂತಿರುತ್ತಾರೆ. ಆಟಗಾರರು ಅಳತೆಪಟ್ಟಿ ಹಿಡಿದು ಅವರನ್ನು ಇಂತಿಷ್ಟು ಅಂಗುಲ ನಡೆಸುತ್ತಾರೆ. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ‘ಮಿನಿಯೇಚರ್ ವಾರ್‌ಗೇಮಿಂಗ್’ ಎನ್ನುತ್ತಾರೆ. ನಾವು ‘ಯುದ್ಧದಾಟ’ ಎನ್ನೋಣ. ನೋಡಲು ಮಕ್ಕಳಾಟದಂತಿರುವ ಇದರ ಹಿಂದೆ ಎರಡು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ.

ಚದುರಂಗದಿಂದ ನಕ್ಷೆಗೆ

ಯುದ್ಧವನ್ನು ಮಣೆಯ ಮೇಲೆ ತಂದ ಮೊದಲಿಗರಲ್ಲಿ ನಮ್ಮ ದೇಶದವರೂ ಸೇರಿದ್ದಾರೆ. ಆನೆ, ಕುದುರೆ, ರಥ, ಕಾಲಾಳು ಎಂಬ ಸೈನ್ಯದ ನಾಲ್ಕು ಅಂಗಗಳಿಂದಲೇ ಚದುರಂಗಕ್ಕೆ ಆ ಹೆಸರು ಬಂತು. ಏಳನೆಯ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲಿ ಅದರ ಉಲ್ಲೇಖವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದಲ್ಲಿ ಅಪಾರ ಆಸಕ್ತಿ ತಳೆದು, ಹಲವು ಬಗೆಯ ಮಣೆಯಾಟಗಳನ್ನು ರೂಪಿಸಿದರು.

ಆದರೆ ಚದುರಂಗದ ಮಣೆಯಲ್ಲಿ ಬೆಟ್ಟವಿಲ್ಲ, ಕೆಸರಿಲ್ಲ. ಎರಡು ಸೈನ್ಯಗಳೂ ಸರಿಸಮ. ಎದುರಾಳಿಯ ಕಾಯಿಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ನಮ್ಮ ಹಳ್ಳಿಯ ಜಗಲಿಗಳ ಮೇಲೆ ಗೀರಿರುವ ಹುಲಿ–ಕುರಿ ಆಟದಲ್ಲಿ ಎರಡು ಪಕ್ಷಗಳ ಬಲ ಬೇರೆ ಬೇರೆ; ಆ ಮಟ್ಟಿಗೆ ಅದು ನಿಜವಾದ ಕದನಕ್ಕೆ ಹತ್ತಿರ. ಆದರೂ ಅಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ.

ಈ ಕೊರತೆಯನ್ನು ತುಂಬುವ ಪ್ರಯತ್ನ ಜರ್ಮನ್ ನಾಡುಗಳಲ್ಲಿ ನಡೆಯಿತು. 1780ರಲ್ಲಿ ಬ್ರನ್ಸ್‌ವಿಕ್‌ನ ಗಣಿತದ ಅಧ್ಯಾಪಕ ಹೆಲ್‌ವಿಗ್ ಚದುರಂಗವನ್ನು ಹಿಗ್ಗಿಸಿ, ಬೇರೆ ಬೇರೆ ಬಣ್ಣದ ಮನೆಗಳಿಂದ ಬೇರೆ ಬೇರೆ ನೆಲವನ್ನು ಸೂಚಿಸುವ ಆಟವೊಂದನ್ನು ಪ್ರಕಟಿಸಿದ. 1812ರಲ್ಲಿ ಪ್ರಷ್ಯದ ಅಧಿಕಾರಿ ರೈಸ್‌ವಿಟ್ಸ್ ಚೌಕದ ಮನೆಗಳನ್ನೇ ಕೈಬಿಟ್ಟು, ಬೇಕಾದಂತೆ ಜೋಡಿಸಬಹುದಾದ ನೆಲದ ಮಾದರಿಗಳಿದ್ದ ಮೇಜೊಂದನ್ನು ತನ್ನ ದೊರೆಗೆ ಒಪ್ಪಿಸಿದ. ಆಟವನ್ನು ಪಕ್ವಗೊಳಿಸಿದವನು ಅವನ ಮಗ, ಫಿರಂಗಿದಳದ ಒಬ್ಬ ಕಿರಿಯ ಅಧಿಕಾರಿ. 1824ರಲ್ಲಿ ಪ್ರಕಟವಾದ ಅವನ ನಿಯಮಗಳ ಹೆಸರು ‘ಕ್ರೀಗ್ಸ್‌ಸ್ಪೀಲ್’, ಅಂದರೆ ಯುದ್ಧದಾಟ.

ಅವನ ಆಟದ ಏರ್ಪಾಡನ್ನು ಗಮನಿಸಿ. ಮೇಜಿನ ಮೇಲೆ 1:8000 ಪ್ರಮಾಣದ ನಿಜವಾದ ನಕ್ಷೆ. ಸೈನ್ಯದ ತುಕಡಿಗಳಾಗಿ ಕೆಂಪು ಮತ್ತು ನೀಲಿ ಬಣ್ಣದ ಸೀಸದ ತುಂಡುಗಳು. ಒಂದೊಂದು ಸರದಿಯೂ ರಣರಂಗದ ಎರಡು ನಿಮಿಷಕ್ಕೆ ಸಮ. ಆಟಗಾರ ಕಾಯಿಗಳನ್ನು ತಾನೇ ಮುಟ್ಟುವಂತಿಲ್ಲ. ಆಜ್ಞೆ ಬರೆದು ತೀರ್ಪುಗಾರನಿಗೆ ಕೊಡಬೇಕು. ಅದು ಎಷ್ಟು ಹೊತ್ತಿಗೆ ತಲುಪಿತು, ಎದುರಾಳಿಯ ಯಾವ ದಳ ಕಣ್ಣಿಗೆ ಬಿತ್ತು ಎಂಬುದನ್ನು ತೀರ್ಪುಗಾರ ನಿರ್ಧರಿಸುತ್ತಾನೆ. ಗುಂಡಿನ ಪರಿಣಾಮವನ್ನು ದಾಳ ಹೇಳುತ್ತದೆ. ಹೀಗೆ ಯುದ್ಧದ ಮೂರು ಮುಖ್ಯ ಗುಣಗಳು ಆಟದೊಳಗೆ ಬಂದವು: ಮರೆ, ತಡ ಮತ್ತು ಅದೃಷ್ಟ.

ಪ್ರಷ್ಯದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಮೊದಲು ಉದಾಸೀನನಾಗಿಯೇ ನೋಡಲು ಕುಳಿತನಂತೆ. ಮುಗಿಯುವ ಹೊತ್ತಿಗೆ ಇದು ಬರಿಯ ಆಟವಲ್ಲ, ಯುದ್ಧದ ಶಾಲೆ ಎಂದು ಉತ್ಸಾಹದಿಂದ ಹೊಗಳಿ, ಸೈನ್ಯಕ್ಕೆಲ್ಲ ಶಿಫಾರಸು ಮಾಡಿದ. ದುಃಖದ ಸಂಗತಿಯೆಂದರೆ, ಕಿರಿಯ ರೈಸ್‌ವಿಟ್ಸ್ ಅದರ ಫಲವನ್ನು ಕಾಣಲಿಲ್ಲ. ದೂರದ ಊರಿಗೆ ವರ್ಗವಾಗಿ, ಮನನೊಂದು, 1827ರಲ್ಲಿ ತನ್ನ ಜೀವವನ್ನು ತಾನೇ ಕಳೆದುಕೊಂಡ. 1866ರಲ್ಲಿ ಆಸ್ಟ್ರಿಯದ ಮೇಲೆ, 1870–71ರಲ್ಲಿ ಫ್ರಾನ್ಸಿನ ಮೇಲೆ ಪ್ರಷ್ಯ ಜಯ ಸಾಧಿಸಿದ ಬಳಿಕ ಇತರ ದೇಶಗಳ ಸೈನ್ಯಗಳೂ ಈ ಆಟವನ್ನು ಕಲಿತವು.

ಗೊಂಬೆಗಳು ಬಂದವು

ಇದೆಲ್ಲ ಸೈನ್ಯದ ಕೊಠಡಿಗಳ ಮಾತು. ಮನೆಮನೆಗೆ ಆಟ ಬಂದದ್ದು ಗೊಂಬೆಗಳ ದಾರಿಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರ ತವರದ ಚಪ್ಪಟೆ ಸೈನಿಕರಿಗೆ ಹೆಸರಾಗಿತ್ತು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಸಂಸ್ಥೆ ಒಳಗೆ ಟೊಳ್ಳಾದ ಸೀಸದ ಗೊಂಬೆಗಳನ್ನು ಎರಕ ಹೊಯ್ಯತೊಡಗಿತು. ಲೋಹ ಕಡಿಮೆ ಹಿಡಿದದ್ದರಿಂದ ಬೆಲೆ ಇಳಿಯಿತು. ಸಾಧಾರಣ ಮನೆಯ ಹುಡುಗನ ಕೈಗೂ ಒಂದು ಪಟಾಲಮು ಬಂತು.

‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ 1880ರ ದಶಕದ ಆರಂಭದಲ್ಲಿ ಆರೋಗ್ಯಕ್ಕಾಗಿ ಸ್ವಿಟ್ಸರ್‌ಲೆಂಡಿನ ದಾವೋಸ್‌ನಲ್ಲಿದ್ದ. ಅಟ್ಟದ ನೆಲದ ಮೇಲೆ ಬಣ್ಣದ ಸೀಮೆಸುಣ್ಣದಿಂದ ನಕ್ಷೆ ಬರೆದು, ಹೆಂಡತಿಯ ಮಗನೊಂದಿಗೆ ದಿನಗಟ್ಟಲೆ ಸೈನ್ಯ ನಡೆಸುತ್ತಿದ್ದ.

ಹವ್ಯಾಸಕ್ಕೆ ಹೆಸರಾಂತ ನಿಯಮಪುಸ್ತಕ ಬರೆದವರು ಎಚ್. ಜಿ. ವೆಲ್ಸ್. ಕಾಲಯಂತ್ರದ ಕಥೆ ಬರೆದ ಅದೇ ಲೇಖಕರು. 1913ರಲ್ಲಿ ಹೊರಬಂದ ಅವರ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ನಿಯಮಗಳು ಸರಳ. ಕಾಲಾಳು ಒಂದು ಸರದಿಗೆ ಒಂದು ಅಡಿ, ಕುದುರೆ ಸವಾರ ಎರಡು ಅಡಿ ನಡೆಯಬೇಕು. ಅಳೆಯಲು ದಾರದ ತುಂಡು. ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಮರದ ಚಿಕ್ಕ ಗುಂಡು ಹಾರಿಸಿ ಬೊಂಬೆಗಳನ್ನು ಉರುಳಿಸಬೇಕು. ಆದರೆ ಪುಸ್ತಕದ ಕೊನೆಯಲ್ಲಿ ವೆಲ್ಸ್ ಗಂಭೀರರಾಗುತ್ತಾರೆ. ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ದೊಡ್ಡ ಯುದ್ಧ ಎಂಥ ಪ್ರಮಾದಗಳ ಸರಮಾಲೆ ಎಂಬುದು ಅರಿವಾಗುತ್ತದೆ ಎಂಬುದು ಅವರ ವಾದ.

ಮರುವರ್ಷವೇ, 1914ರಲ್ಲಿ, ಮೊದಲನೆಯ ಮಹಾಯುದ್ಧ ಸಿಡಿಯಿತು. ಆಗ ಇದೇ ವೆಲ್ಸ್, ಇದು ಯುದ್ಧವನ್ನೇ ಕೊನೆಗಾಣಿಸುವ ಯುದ್ಧವೆಂದು ಬರೆದು ತಮ್ಮ ದೇಶದ ಪರ ನಿಂತರು. ಆ ಯುದ್ಧ ಯುದ್ಧವನ್ನು ಕೊನೆಗಾಣಿಸಲಿಲ್ಲವೆಂದು ನಿಮಗೆ ಗೊತ್ತು. ಆಟ ತಾನಾಗಿಯೇ ಯಾರನ್ನೂ ಶಾಂತಿಪ್ರಿಯರನ್ನಾಗಿ ಮಾಡುವುದಿಲ್ಲ; ಯುದ್ಧಪ್ರಿಯರನ್ನಾಗಿಯೂ ಮಾಡುವುದಿಲ್ಲ. ಹಾಗಾದರೆ ಅದು ಕಲಿಸುವುದೇನು? ಇದಕ್ಕೆ ಉತ್ತರ ಬೇಕಾದರೆ 1942ರ ಎರಡು ಆಟಗಳನ್ನು ನೋಡಬೇಕು.

ಒಂದೇ ವರ್ಷ, ಎರಡು ಆಟ

ಮೊದಲನೆಯದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ಅಟ್ಲಾಂಟಿಕ್ ಸಾಗರದಲ್ಲಿ ಆಹಾರ, ಇಂಧನ ತರುತ್ತಿದ್ದ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಕ್ಷಯರೋಗದಿಂದಾಗಿ ನಿವೃತ್ತನಾಗಿದ್ದ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಎಂಬಾತನಿಗೆ ಆ ವರ್ಷದ ಜನವರಿಯಲ್ಲಿ ಒಂದು ಕೊಠಡಿಯನ್ನೂ, ನೌಕಾಪಡೆಯ ಮಹಿಳಾ ವಿಭಾಗದ ಕೆಲವು ಯುವತಿಯರನ್ನೂ ಕೊಡಲಾಯಿತು. ಅವರು ನೆಲವನ್ನೇ ಸಾಗರ ಮಾಡಿಕೊಂಡರು. ಹಡಗುಗಳ ಹಾದಿಯನ್ನು ಸೀಮೆಸುಣ್ಣದಿಂದ ಗುರುತಿಸಿದರು. ತರಬೇತಿಗೆ ಬಂದ ಅಧಿಕಾರಿಗಳು ಕ್ಯಾನ್‌ವಾಸ್ ಪರದೆಯ ಹಿಂದೆ ನಿಂತು, ಸಣ್ಣ ಕಿಂಡಿಯಲ್ಲಿ ಕಾಣುವಷ್ಟನ್ನೇ ನೋಡಿ ಆಜ್ಞೆ ಕೊಡಬೇಕಿತ್ತು.

ಜಲಾಂತರ್ಗಾಮಿ ಹಡಗುಗಳ ಗುಂಪಿನ ಹೊರಗಿನಿಂದ ದಾಳಿ ಮಾಡುತ್ತದೆಂದು ಅಲ್ಲಿಯವರೆಗಿನ ನಂಬಿಕೆ. ನಡೆದ ದಾಳಿಗಳನ್ನು ನೆಲದ ಮೇಲೆ ಮತ್ತೆ ಆಡಿ ನೋಡಿದಾಗ ಲೆಕ್ಕ ಹೊಂದಲಿಲ್ಲ. ಅದು ರಾತ್ರಿ ಹಿಂದಿನಿಂದ ಬಂದು ಹಡಗುಗಳ ಸಾಲಿನೊಳಗೇ ನುಸುಳುತ್ತಿದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಅದನ್ನು ಹಿಡಿಯಲು ಹೊಸದೊಂದು ವ್ಯೂಹ ರಚಿಸಿದರು. ಮುಂದೆ, ಹಿಂದಿನ ಯುದ್ಧದಲ್ಲಿ ಜಲಾಂತರ್ಗಾಮಿ ನಡೆಸಿ ಹೆಸರು ಮಾಡಿದ್ದ ಅಡ್ಮಿರಲ್ ಹಾರ್ಟನ್ ತಾನೇ ಆಟಕ್ಕಿಳಿದು, ಜ್ಯಾನೆಟ್ ಓಕೆಲ್ ಎಂಬ ಯುವತಿಯ ಎದುರು ಐದು ಸಲ ಸೋತನೆಂಬ ವೃತ್ತಾಂತವಿದೆ. ಆ ಸೋಲಿನಿಂದ ಕೊಠಡಿಯ ಗೌರವ ಹೆಚ್ಚಿತು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ಸುಮಾರು 5,000 ಅಧಿಕಾರಿಗಳು ತರಬೇತಿ ಪಡೆದಿದ್ದರು.

ಎರಡನೆಯದು ಅದೇ ವರ್ಷದ ಮೇ ತಿಂಗಳಲ್ಲಿ, ಜಪಾನಿನ ‘ಯಮಾಟೊ’ ಯುದ್ಧನೌಕೆಯಲ್ಲಿ. ಮಿಡ್‌ವೇ ದ್ವೀಪದ ಮೇಲಿನ ದಾಳಿಯನ್ನು ಮೊದಲು ಮೇಜಿನ ಮೇಲೆ ಆಡಿ ನೋಡಲಾಯಿತು. ಜಪಾನಿ ನೌಕಾ ಅಧಿಕಾರಿಗಳೇ ನಂತರ ಬರೆದಿಟ್ಟಂತೆ, ಶತ್ರುವಿನ ಬಾಂಬು ದಾಳಿಗೆ ದಾಳ ಉರುಳಿಸಿದಾಗ ಒಂಬತ್ತು ಬಾಂಬುಗಳು ತಗುಲಿದವೆಂದು ಬಂತು. ಅಕಗಿ ಮತ್ತು ಕಗ ಎಂಬ ಎರಡು ವಿಮಾನವಾಹಕ ನೌಕೆಗಳು ಮುಳುಗಿದಂತೆ. ಮುಖ್ಯ ತೀರ್ಪುಗಾರ ಅಡ್ಮಿರಲ್ ಉಗಾಕಿ ಇದನ್ನು ಒಪ್ಪದೆ ಒಂಬತ್ತನ್ನು ಮೂರಕ್ಕಿಳಿಸಿದ. ಅಕಗಿ ಉಳಿಯಿತು. ಮುಳುಗಿದ ಕಗ ಕೂಡ ಮುಂದಿನ ಆಟದಲ್ಲಿ ಮತ್ತೆ ತೇಲಿತು! ಜೂನ್ ತಿಂಗಳ ನಿಜವಾದ ಕದನದಲ್ಲಿ ಅಕಗಿ, ಕಗ, ಸೋರ್ಯು, ಹಿರ್ಯು ಎಂಬ ನಾಲ್ಕು ವಿಮಾನವಾಹಕ ನೌಕೆಗಳನ್ನು ಜಪಾನ್ ಕಳೆದುಕೊಂಡಿತು. ಆ ಸಲ ಅಂಕೆ ತಿದ್ದಲು ಯಾರಿಗೂ ಸಾಧ್ಯವಿರಲಿಲ್ಲ.

ದಾಳ ಭವಿಷ್ಯ ನುಡಿಯಿತೆಂದು ತಿಳಿಯಬೇಡಿ. ಹೀಗೂ ಆಗಬಹುದೆಂದು ಅದು ಎಚ್ಚರಿಸಿತು, ಅಷ್ಟೆ. ಲಿವರ್‌ಪೂಲಿನವರು ಸೋಲನ್ನು ಕೆದಕಿ ನೋಡಿ ಕಲಿತರು. ಯಮಾಟೊದಲ್ಲಿದ್ದವರು ಸೋಲನ್ನು ಅಳಿಸಿಹಾಕಿದರು. ಮೇಜಿನ ಮೇಲೆ ಸೋಲಲು ಒಪ್ಪುವವನಿಗೆ ಮಾತ್ರ ಈ ಆಟ ಗುರುವಾಗುತ್ತದೆ.

ಹವ್ಯಾಸಿಗಳ ಕಾಲ

ಯುದ್ಧಾನಂತರ ಆಟ ಮತ್ತೆ ಸಾಮಾನ್ಯರ ಕೈಗೆ ಬಂತು. ಇಂಗ್ಲೆಂಡಿನಲ್ಲಿ ಇದನ್ನು ಜನಪ್ರಿಯಗೊಳಿಸಿದ ಡೊನಾಲ್ಡ್ ಫೆದರ್‌ಸ್ಟೋನ್ ವೃತ್ತಿಯಿಂದ ಅಂಗಮರ್ದನ ಚಿಕಿತ್ಸಕ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದವನು. 1962ರಲ್ಲಿ ಬಂದ ಅವನ ಪುಸ್ತಕ ಓದಿ ಅನೇಕರು ಅಡಿಗೆಮನೆಯ ಮೇಜನ್ನು ರಣರಂಗ ಮಾಡಿಕೊಂಡರು. 1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಮಧ್ಯಯುಗದ ಕದನಗಳಿಗೆ ನಿಯಮ ಬರೆದು, ಕೊನೆಗೆ ಮಾಂತ್ರಿಕರನ್ನೂ ಮಹಾಸರ್ಪಗಳನ್ನೂ ಸೇರಿಸಿದರು. ಅದರಿಂದಲೇ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿತು. 1983ರಲ್ಲಿ ಇಂಗ್ಲೆಂಡಿನಲ್ಲಿ ‘ವಾರ್‌ಹ್ಯಾಮರ್’, 1987ರಲ್ಲಿ ಅದರ ಭವಿಷ್ಯಲೋಕದ ರೂಪ ಬಂದವು. ಈಗಿನ ಕಂಪ್ಯೂಟರ್ ಆಟಗಳಲ್ಲಿ ನೀವು ಕಾಣುವ ಸರದಿ, ಬಲದ ಅಂಕೆ, ಏಟಿನ ಲೆಕ್ಕ ಮುಂತಾದ ಎಷ್ಟೋ ಅಂಶಗಳ ಮೂಲ ಈ ಮೇಜಿನಲ್ಲಿದೆ.

ಹವ್ಯಾಸಿಯ ಹೆಚ್ಚಿನ ಸಮಯ ಆಡುವುದರಲ್ಲಲ್ಲ, ಸಿದ್ಧತೆಯಲ್ಲಿ ಕಳೆಯುತ್ತದೆ. ಚಾರಿತ್ರಿಕ ಕದನವಾದರೆ ಇಂಥ ದಳದ ಅಂಗಿ ಯಾವ ಬಣ್ಣದ್ದು, ಇಂಥ ಕೋವಿ ಎಷ್ಟು ದೂರ ಹೊಡೆಯುತ್ತಿತ್ತು, ಆ ದಿನ ನೆಲ ಒಣಗಿತ್ತೇ ಒದ್ದೆಯಾಗಿತ್ತೇ ಎಂದು ಹುಡುಕಬೇಕು. 28 ಮಿಲಿಮೀಟರ್ ಎತ್ತರದ ಗೊಂಬೆಯ ಮೇಲೆ ಗುಂಡಿಗಳನ್ನು ಬಿಡಿಸಲು ಹೊರಟವನು ಆಕರಗಳನ್ನು ಓದದೆ ವಿಧಿಯಿಲ್ಲ.

ನೀವೂ ಮಾಡಿ ನೋಡಿ

ದುಬಾರಿ ಗೊಂಬೆಗಳು ಬೇಕಿಲ್ಲ. ರಟ್ಟು, ಬಣ್ಣದ ಕಾಗದ, ಅಳತೆಪಟ್ಟಿ, ಎರಡು ದಾಳ ಸಾಕು. ನಮ್ಮ ನಾಡಿನದೇ ಉದಾಹರಣೆಯಾಗಿ 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ತೆಗೆದುಕೊಳ್ಳಿ. ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಬೇಸಿಗೆಯಲ್ಲಿ ಬತ್ತಿದ್ದ ಕಾವೇರಿಯನ್ನು ದಾಟಿ, ಕೋಟೆಯ ಒಡಕಿನ ಮೂಲಕ ನುಗ್ಗಿತು. ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದ. ಮುತ್ತಿಗೆ ಹಾಕಿದವರಿಗೆ ಆಹಾರದ ಕೊರತೆ ಕಾಡುತ್ತಿತ್ತು, ಮಳೆಗಾಲವೂ ಸಮೀಪಿಸಿತ್ತು. ಹೊಳೆ ಯಾವ ದಿನ ತುಂಬುತ್ತದೆ ಎಂಬುದನ್ನು ದಾಳಕ್ಕೆ ಬಿಡಿ. ಅವರ ಅಕ್ಕಿ ಎಷ್ಟು ದಿನಕ್ಕೆ ಸಾಕೆಂದು ಬರೆದಿಡಿ. ಗೆಳೆಯರು ಎರಡು ಪಕ್ಷವಾಗಿ, ಒಬ್ಬರು ತೀರ್ಪುಗಾರರಾಗಿ ಆಡಿ. ಪಾಠದಲ್ಲಿ ಅನಿವಾರ್ಯವೆಂಬಂತೆ ಕಂಡ ಫಲಿತಾಂಶ ಎಷ್ಟು ಸಣ್ಣ ಎಳೆಯ ಮೇಲೆ ನಿಂತಿತ್ತೆಂದು ಆಗ ನಿಮಗೇ ತೋರುತ್ತದೆ.

ಆಟ ಮುಗಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಮೇಜಿನ ಮೇಲೆ ಏನೇನು ಇರಲಿಲ್ಲವೆಂದು ಪಟ್ಟಿ ಮಾಡಿ. ಕೋಟೆ ಬಿದ್ದ ಆ ರಾತ್ರಿ ಪಟ್ಟಣ ಸೂರೆಯಾಯಿತು. ಅಲ್ಲಿನ ಹೆಂಗಸರು, ಮಕ್ಕಳು, ಅಂಗಡಿಯವರು ನಿಮ್ಮ ರಟ್ಟಿನ ತುಂಡುಗಳಲ್ಲಿ ಎಲ್ಲಿದ್ದರು? ಉರುಳಿದ ಗೊಂಬೆಯನ್ನು ನಾಳೆ ಮತ್ತೆ ನಿಲ್ಲಿಸಬಹುದು; ಅಂದು ಬಿದ್ದವರು ಮತ್ತೆ ಏಳಲಿಲ್ಲ. ಈ ಪಟ್ಟಿಯನ್ನು ಆಟದ ಫಲಿತಾಂಶದ ಪಕ್ಕದಲ್ಲೇ ಬರೆದು ತರಗತಿಯಲ್ಲಿ ಓದಿ, ನಿಮ್ಮ ಅಧ್ಯಾಪಕರೊಡನೆ ಚರ್ಚಿಸಿ.