ಗೋಧಿ, ಹಾಲು ಇಲ್ಲದ ಬಿಸ್ಕತ್ತು: ಎಚ್ಚರಿಕೆ ಗಿರಣಿಯಿಂದಲೇ ಆರಂಭ

ಮೈದಾ, ಬೆಣ್ಣೆ, ಸಕ್ಕರೆ ಸೇರಿದರೆ ಬಿಸ್ಕತ್ತು. ಈ ಮೂರರಲ್ಲಿ ಮೊದಲ ಎರಡನ್ನು ತೆಗೆದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆ ಕೆಲವು ಮನೆಗಳಿಗೆ ವೈದ್ಯರ ಚೀಟಿಯೊಂದಿಗೇ ಬರುತ್ತದೆ. ಮಗುವಿಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿಯನ್ನು ಜೀವನಪರ್ಯಂತ ಬಿಡಬೇಕು, ಕೆಲವು ತಿಂಗಳು ಹಾಲೂ ಬೇಡ ಎಂಬ ಸಲಹೆ ಸಿಕ್ಕಾಗ ಊಟದ ಚಿಂತೆ ಅಷ್ಟಾಗಿ ಕಾಡುವುದಿಲ್ಲ. ಅನ್ನ, ಇಡ್ಲಿ, ರಾಗಿಮುದ್ದೆ, ಜೋಳದ ರೊಟ್ಟಿಗಳಿರುವ ನಾಡಿನಲ್ಲಿ ಅದಕ್ಕೆ ಪರಿಹಾರ ಮನೆಯಲ್ಲೇ ಇದೆ. ತೊಡಕು ಎದುರಾಗುವುದು ಶಾಲೆಯಿಂದ ಬಂದ ಮಗು ಬಿಸ್ಕತ್ತು ಕೇಳಿದಾಗ.

ಇಂಥ ಬಿಸ್ಕತ್ತನ್ನು ಮನೆಯಲ್ಲಿ ತಯಾರಿಸುವುದು ಅನೇಕರು ಭಾವಿಸಿರುವಷ್ಟು ಕಷ್ಟವಲ್ಲ. ಅದು ನಿಜಕ್ಕೂ ಗೋಧಿರಹಿತವಾಗಿ ಉಳಿಯುವಂತೆ ನೋಡಿಕೊಳ್ಳುವುದೇ ಕಷ್ಟ. ಪಾಕವಿಧಾನದಲ್ಲಿ ಗೋಧಿಯ ಹೆಸರೇ ಇಲ್ಲದಿದ್ದರೂ ಹಿಟ್ಟಿನ ಗಿರಣಿಯಲ್ಲಿ, ಜರಡಿಯಲ್ಲಿ, ಲಟ್ಟಣಿಗೆಯ ಮೈಯಲ್ಲಿ ಅದು ಸೇರಿಕೊಂಡಿರುತ್ತದೆ.

ಗ್ಲುಟೆನ್ ಮತ್ತು ಕರುಳು

ಗೋಧಿಯ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದಕ್ಕೆ ಬರುವ ಎಳೆತ, ಅಂಟುಗುಣಗಳಿಗೆ ಕಾರಣ ಗ್ಲುಟೆನ್ ಎಂಬ ಪ್ರೋಟೀನು. ಗ್ಲಯಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ಸೇರಿ ಇದು ಉಂಟಾಗುತ್ತದೆ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದೇ ಜಾತಿಯ ಪ್ರೋಟೀನುಗಳಿವೆ. ಸೀಲಿಯಾಕ್ ಇರುವವರ ದೇಹದ ರಕ್ಷಣಾ ವ್ಯವಸ್ಥೆಯು ಇವುಗಳಿಗೆ ಪ್ರತಿಕ್ರಿಯಿಸುವಾಗ ಸಣ್ಣಕರುಳಿನ ಒಳಪದರಕ್ಕೇ ಹಾನಿ ಮಾಡುತ್ತದೆ. ಆಹಾರ ಹೀರುವ ಬೆರಳಿನಾಕಾರದ ಸೂಕ್ಷ್ಮ ಚಾಚುಗಳು ಸವೆಯುತ್ತವೆ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಇದರ ಪರಿಣಾಮಗಳು. ಕೆಲವರಲ್ಲಿ ಹೊಟ್ಟೆಯ ತೊಂದರೆಯೇ ಕಾಣಿಸದೆ, ರಕ್ತಹೀನತೆಯೊಂದೇ ವರ್ಷಗಟ್ಟಲೆ ಕಾಡುವುದುಂಟು.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿಯೇ ಈ ಕಾಯಿಲೆಯನ್ನು ವಿವರಿಸಿದ್ದರು. ಆದರೆ ಗೋಧಿಯೇ ಕಾರಣ ಎಂಬುದನ್ನು ತೋರಿಸಿಕೊಟ್ಟವರು ನೆದರ್ಲೆಂಡಿನ ಮಕ್ಕಳ ತಜ್ಞ ವಿಲ್ಲೆಮ್ ಕಾರೆಲ್ ಡಿಕ್. ಗೋಧಿಯ ಬಗ್ಗೆ ಅವರಿಗೆ ಮೊದಲೇ ಇದ್ದ ಅನುಮಾನವನ್ನು 1944-45ರ ಚಳಿಗಾಲದ ಕ್ಷಾಮ ಬಲಪಡಿಸಿತು. ಬ್ರೆಡ್ ಸಿಗದಿದ್ದ ಆ ದಿನಗಳಲ್ಲಿ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಕಾಯಿಲೆಯೂ ಮರಳಿತು. 1950ರಲ್ಲಿ ಡಿಕ್ ತಮ್ಮ ಪ್ರಬಂಧವನ್ನು ಮಂಡಿಸಿದರು. ಇಂದಿಗೂ ಗ್ಲುಟೆನ್ ಇಲ್ಲದ ಆಹಾರವೇ ಇದಕ್ಕೆ ಮುಖ್ಯ ಚಿಕಿತ್ಸೆ.

ಭಾರತದಲ್ಲಿ ಗೋಧಿಯನ್ನು ಹೆಚ್ಚಾಗಿ ಉಣ್ಣುವ ಉತ್ತರ ರಾಜ್ಯಗಳಿಗೆ ಹೋಲಿಸಿದರೆ ದಕ್ಷಿಣದಲ್ಲಿ ಸೀಲಿಯಾಕ್ ಕಡಿಮೆ. ಕಡಿಮೆ ಇರುವುದರಿಂದಲೇ ಇಲ್ಲಿ ಅದರ ಅನುಮಾನವೂ ತಡವಾಗಿ ಮೂಡುತ್ತದೆ. ಒಂದು ಮಾತು ಮುಖ್ಯ: ಅನುಮಾನ ಬಂದೊಡನೆ ಗೋಧಿಯನ್ನು ಬಿಟ್ಟು ನೋಡುವುದು ತಪ್ಪು. ಗೋಧಿ ತಿನ್ನುತ್ತಿರುವಾಗ ಮಾತ್ರ ರಕ್ತಪರೀಕ್ಷೆ ಹಾಗೂ ಕರುಳಿನ ಬಯಾಪ್ಸಿಯ ಫಲಿತಾಂಶ ಸರಿಯಾಗಿ ಬರುತ್ತದೆ. ಮೊದಲು ಪರೀಕ್ಷೆ, ಅನಂತರ ಪಥ್ಯ.

ಹಾಲು ಏಕೆ ಬೇಡ?

ಹಾಲು ಬೇಡವೆನ್ನುವವರೆಲ್ಲರ ಕಾರಣ ಒಂದೇ ಅಲ್ಲ. ಬಿಸ್ಕತ್ತಿಗೆ ಯಾವ ಜಿಡ್ಡು ಬಳಸಬಹುದೆಂಬುದು ಆ ಕಾರಣವನ್ನೇ ಅವಲಂಬಿಸಿದೆ. ಸೀಲಿಯಾಕ್‌ನಿಂದ ಕರುಳಿನ ಚಾಚುಗಳು ಸವೆದಾಗ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವವೂ ಕಡಿಮೆಯಾಗುತ್ತದೆ. ಆದ್ದರಿಂದಲೇ ಹೊಸದಾಗಿ ಕಾಯಿಲೆ ಪತ್ತೆಯಾದವರಲ್ಲಿ ಕೆಲವರಿಗೆ ಆರಂಭದ ತಿಂಗಳುಗಳಲ್ಲಿ ಹಾಲು ಒಗ್ಗುವುದಿಲ್ಲ. ಕರುಳು ವಾಸಿಯಾದಂತೆ ಸಾಮಾನ್ಯವಾಗಿ ಹಾಲು ಮತ್ತೆ ಒಗ್ಗುತ್ತದೆ. ಲ್ಯಾಕ್ಟೋಸ್ ಅತ್ಯಲ್ಪವಾಗಿರುವ ತುಪ್ಪ ಇಂಥವರಲ್ಲಿ ಹೆಚ್ಚಿನವರಿಗೆ ತೊಂದರೆ ಕೊಡದು.

ಹಾಲಿನ ಅಲರ್ಜಿಯ ಸಂಗತಿಯೇ ಬೇರೆ. ಅಲ್ಲಿ ಶತ್ರು ಸಕ್ಕರೆಯಲ್ಲ, ಕೆಸೀನ್ ಮತ್ತು ವೇ ಎಂಬ ಪ್ರೋಟೀನುಗಳು. ತುಪ್ಪದಲ್ಲಿ ಉಳಿದಿರಬಹುದಾದ ಅಂಶಮಾತ್ರದ ಪ್ರೋಟೀನೂ ತೀವ್ರ ಅಲರ್ಜಿ ಇರುವ ಮಗುವಿಗೆ ಅಪಾಯಕಾರಿ. ಹಸುವಿನ ಹಾಲಿಗೆ ಬದಲಾಗಿ ಆಡಿನ ಹಾಲು ಕೊಡಬಹುದೆಂಬ ನಂಬಿಕೆಯೂ ಸರಿಯಲ್ಲ. ಎರಡರ ಪ್ರೋಟೀನುಗಳೂ ಬಹಳ ಹೋಲುತ್ತವೆ. ಎರಡೂ ಬಗೆಯವರಿಗೆ ಹೊಂದುವಂತಹದು ಸಸ್ಯಜನ್ಯ ಎಣ್ಣೆ ಮಾತ್ರ. ಮಾರ್ಗರಿನ್ ಬಳಸುವುದಾದರೆ ಲೇಬಲ್ ನೋಡಲೇಬೇಕು, ಕೆಲವದರಲ್ಲಿ ಹಾಲಿನ ಘನಾಂಶ ಸೇರಿರುತ್ತದೆ.

ಒಂದು ಗ್ರಾಂ ಹಿಟ್ಟಿನ ಲೆಕ್ಕ

ಅಂತಾರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗವು 2008ರಲ್ಲಿ ಪರಿಷ್ಕರಿಸಿದ ನಿಯಮದಂತೆ, ‘ಗ್ಲುಟೆನ್‌ರಹಿತ’ ಎನಿಸಿಕೊಳ್ಳುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಮಿತಿಯೂ ಇದೇ. ಈ ಅಂಕಿಯ ಅರ್ಥ ತಿಳಿಯಲು ಅಡುಗೆಮನೆಯ ಲೆಕ್ಕವೊಂದು ಸಾಕು. ಗೋಧಿ ಹಿಟ್ಟಿನಲ್ಲಿ ಸುಮಾರು ಶೇ 8ರಿಂದ 10ರಷ್ಟು ಗ್ಲುಟೆನ್ ಇರುತ್ತದೆ. ಅಂದರೆ ಒಂದು ಗ್ರಾಂ ಹಿಟ್ಟಿನಲ್ಲಿ 80ರಿಂದ 100 ಮಿಲಿಗ್ರಾಂ. ಒಂದು ಕಿಲೋ ರಾಗಿ ಹಿಟ್ಟಿಗೆ ಅರ್ಧ ಟೀ ಚಮಚಕ್ಕೂ ಕಡಿಮೆಯಾದ ಈ ಒಂದು ಗ್ರಾಂ ಗೋಧಿ ಹಿಟ್ಟು ಬೆರೆತರೆ, ಮಿತಿಯ ನಾಲ್ಕೈದು ಪಟ್ಟು ಗ್ಲುಟೆನ್ ಸೇರಿದಂತಾಯಿತು.

ಬಡಾವಣೆಯ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಲ್ಲೇ ರಾಗಿ ಸುರಿದಾಗ ಒಳಗಿನಿಂದ ಬರುವ ಹಳೆಯ ಹಿಟ್ಟು ಒಂದು ಗ್ರಾಂನಲ್ಲಿ ಮುಗಿಯುವುದಿಲ್ಲ. ಮೊದಲ ಎರಡು ಹಿಡಿ ಹಿಟ್ಟನ್ನು ಬೇರೆ ತೆಗೆದರೆ ಸಾಕೆಂಬ ವಾಡಿಕೆಯೂ ಸೀಲಿಯಾಕ್ ಇರುವವರಿಗೆ ರಕ್ಷಣೆಯಲ್ಲ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಒಳಸೇರಿದರೂ ಕರುಳಿಗೆ ಹಾನಿಯಾಗುತ್ತದೆಂದು 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ ತೋರಿಸಿದೆ. ಅದು ಅರ್ಧ ಗ್ರಾಂ ಗೋಧಿ ಹಿಟ್ಟಿನಷ್ಟೇ.

ಆದರೆ ಬಿಸ್ಕತ್ತಿಗೆ ಬೇಕಾಗುವುದು ಕಾಲು ಕಿಲೋಗೂ ಕಡಿಮೆ ಹಿಟ್ಟು, ಅದಕ್ಕಾಗಿ ಗಿರಣಿಗೆ ಹೋಗಬೇಕಾಗಿಯೇ ಇಲ್ಲ. ರಾಗಿಯನ್ನು ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಬೆಚ್ಚಗೆ ಹುರಿದು ಮಿಕ್ಸಿಯಲ್ಲಿ ಪುಡಿ ಮಾಡಬಹುದು. ಕಾಳುಗಳ ನಡುವೆ ಸೇರಿರುವ ಗೋಧಿ ಕಾಳನ್ನು ಹೆಕ್ಕಲು, ಮೇಲಿನ ಧೂಳನ್ನು ತೊಳೆಯಲು ಇದೊಂದೇ ದಾರಿ. ಹಿಟ್ಟಾದ ಮೇಲೆ ಹೆಕ್ಕುವುದು ಅಸಾಧ್ಯ. ಕಜ್ಜಾಯಕ್ಕೆ ಮಾಡುವಂತೆ ಅಕ್ಕಿಯನ್ನು ನೆನೆಸಿ, ನೆರಳಲ್ಲಿ ಆರಿಸಿ ಪುಡಿ ಮಾಡಿದರೆ ಅಂಗಡಿಯ ಹಿಟ್ಟಿಗಿಂತ ನಯವಾಗಿರುತ್ತದೆ. ಚಪಾತಿಗೆ ಬಳಸಿದ ಜರಡಿ, ಮರದ ಮಣೆ ಮತ್ತು ಲಟ್ಟಣಿಗೆಗಳನ್ನು ಇದಕ್ಕೆ ಮುಟ್ಟಿಸಬಾರದು. ಮರದ ಸೀಳುಗಳಲ್ಲಿ, ಜರಡಿಯ ಕಣ್ಣುಗಳಲ್ಲಿ ಉಳಿದ ಹಿಟ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಗೋಧಿ ಹಿಟ್ಟಿನ ಕೆಲಸ ಅದೇ ದಿನ ಇದ್ದರೆ ಬಿಸ್ಕತ್ತಿನ ಕೆಲಸ ಮೊದಲಾಗಲಿ.

ಹೆಸರುಗಳ ಗೊಂದಲ

ಮೈದಾ, ಚಿರೋಟಿ ರವೆ, ಉಪ್ಪಿಟ್ಟಿನ ರವೆ, ಗೋಧಿ ನುಚ್ಚು, ಸಾಮಾನ್ಯ ಶಾವಿಗೆ ಎಲ್ಲವೂ ಗೋಧಿಯೇ. ಮಧುಮೇಹಿಗಳಿಗೆ ಒಳ್ಳೆಯದೆಂದು ಮಾರಾಟವಾಗುವ ಖಪ್ಲಿ ಗೋಧಿಯಲ್ಲಿಯೂ ಗ್ಲುಟೆನ್ ಇದೆ. ಮನೆಯ ರಾಗಿ ಮಾಲ್ಟ್ ನಿರಪಾಯ, ಆದರೆ ಪೊಟ್ಟಣದ ಮೇಲೆ ‘ಮಾಲ್ಟ್ ಸಾರ’ ಎಂದಷ್ಟೇ ಬರೆದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯದು. ಓಟ್ಸ್ ಹೊಲದಿಂದ ಗೋದಾಮಿನವರೆಗೂ ಗೋಧಿಯೊಡನೆ ಬೆರೆಯುವ ಧಾನ್ಯವಾದ್ದರಿಂದ ‘ಗ್ಲುಟೆನ್‌ರಹಿತ’ ಎಂದು ನಮೂದಿಸಿದ್ದನ್ನಲ್ಲದೆ ಬೇರೆಯದನ್ನು ಬಳಸಬಾರದು.

ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಅಂಗಡಿಗಳಲ್ಲಿ ಸಿಗುವ ರಾಗಿ, ನವಣೆ, ಸಜ್ಜೆಯ ಬಿಸ್ಕತ್ತುಗಳನ್ನು ಅನೇಕರು ಗೋಧಿರಹಿತವೆಂದೇ ತಿಳಿದು ಕೊಳ್ಳುತ್ತಾರೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಇವುಗಳಲ್ಲಿ ಹಲವದರಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಇರುವುದು ತಿಳಿಯುತ್ತದೆ. ಪಟ್ಟಿಯಲ್ಲಿ ಮೊದಲು ಬರುವ ಪದಾರ್ಥವೇ ಹೆಚ್ಚು ಪ್ರಮಾಣದ್ದು ಎಂಬುದು ನಿಯಮ. ಲೇಬಲ್ ಕುರಿತ 2020ರ ನಿಯಮಾವಳಿಯ ಪ್ರಕಾರ ಗ್ಲುಟೆನ್ ಇರುವ ಧಾನ್ಯ ಹಾಗೂ ಹಾಲನ್ನು ಅಲರ್ಜಿಕಾರಕಗಳೆಂದು ಪೊಟ್ಟಣದ ಮೇಲೆ ಘೋಷಿಸಬೇಕು. ಇನ್ನು ಹಸಿರು ಚುಕ್ಕೆ ಸಸ್ಯಾಹಾರದ ಗುರುತು ಮಾತ್ರ. ನಮ್ಮಲ್ಲಿ ಹಾಲು ಸಸ್ಯಾಹಾರವೇ ಆದ್ದರಿಂದ ಆ ಚುಕ್ಕೆ ಹಾಲಿಲ್ಲವೆಂದು ಹೇಳುವುದಿಲ್ಲ. 2022ರ ನಿಯಮಾವಳಿಯಡಿ ಬಂದ ವೀಗನ್ ಗುರುತು ಹಾಲನ್ನು ಹೊರಗಿಡುತ್ತದೆ, ಗೋಧಿಯನ್ನಲ್ಲ.

ಬಿಸ್ಕತ್ತಿಗೆ ಗ್ಲುಟೆನ್ ಬೇಕೆ?

ಬ್ರೆಡ್ಡಿಗೆ ಗ್ಲುಟೆನ್ ಪ್ರಾಣ. ಉಬ್ಬುವ ಗಾಳಿಯನ್ನು ಹಿಡಿದಿಡುವ ಬಲೆ ಅದು. ಬಿಸ್ಕತ್ತಿನ ಸ್ವಭಾವ ಇದಕ್ಕೆ ವಿರುದ್ಧ. ನಾನ್‌ಖಟಾಯಿ ಮಾಡುವವರು ಹಿಟ್ಟನ್ನು ಹೆಚ್ಚು ನಾದಬಾರದೆಂದು ಎಚ್ಚರಿಸುವುದು ಗ್ಲುಟೆನ್ ಬಲಿತು ಬಿಸ್ಕತ್ತು ಗಟ್ಟಿಯಾಗದಿರಲೆಂದೇ. ಹೀಗಾಗಿ ಗೋಧಿಯನ್ನು ಬಿಡಲು ತಕ್ಕ ಮೊದಲ ಬೇಕರಿ ತಿನಿಸು ನಾನ್‌ಖಟಾಯಿಯೇ. ಬ್ರೆಡ್ಡಿನಿಂದ ಆರಂಭಿಸಿ ನಿರಾಶರಾಗುವವರೇ ಹೆಚ್ಚು.

ಅಂಟು ಪೂರ್ತಿ ಇಲ್ಲದಿದ್ದರೆ ಬಿಸ್ಕತ್ತು ಕೈಯಲ್ಲೇ ಪುಡಿಯಾಗುತ್ತದೆ ಎಂಬುದೂ ನಿಜ. ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಬರುವ ಲೋಳೆ ಆ ಕೊರತೆಯನ್ನು ತುಂಬುತ್ತದೆ. ಇಸಬ್‌ಗೋಲ್ ಹೊಟ್ಟೂ ಆದೀತು, ಹೆಚ್ಚಾದರೆ ಬಿಸ್ಕತ್ತು ರಬ್ಬರಿನಂತಾಗುತ್ತದೆ. ಒಂದೇ ಹಿಟ್ಟನ್ನು ನೆಚ್ಚಿಕೊಳ್ಳುವುದೂ ಸಲ್ಲದು. ಬರೀ ಅಕ್ಕಿ ಹಿಟ್ಟು ಮರಳಿನಂತೆ ಹಲ್ಲಿಗೆ ಸಿಗುತ್ತದೆ, ಬರೀ ರಾಗಿಯಾದರೆ ಗಂಟಲಿಗೆ ಒಣಗು.

ಬೆಣ್ಣೆಯಲ್ಲಿ ಸುಮಾರು ಶೇ 80ರಷ್ಟು ಜಿಡ್ಡು, ಶೇ 16ರಷ್ಟು ನೀರು ಇರುತ್ತದೆ. ಕೊಬ್ಬರಿ ಎಣ್ಣೆಯಾದರೋ ಪೂರ್ತಿ ಜಿಡ್ಡು. ಬೆಣ್ಣೆಯಷ್ಟೇ ತೂಕದ ಎಣ್ಣೆ ಸುರಿದರೆ ಬಿಸ್ಕತ್ತು ತಟ್ಟೆಯಲ್ಲಿ ಹರಡಿಕೊಳ್ಳುವುದು ಇದಕ್ಕೇ. ಐದನೇ ಒಂದು ಭಾಗ ಕಡಿಮೆ ಮಾಡಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಅದು ತಾನಾಗಿ ಹೆಪ್ಪುಗಟ್ಟಿರುತ್ತದೆ, ಮಂಗಳೂರಿನಲ್ಲಿ ಫ್ರಿಜ್ಜಿನ ನೆರವು ಬೇಕು.

ರಾಗಿ ನಾನ್‌ಖಟಾಯಿ

ರಾಗಿ ಹಿಟ್ಟು 100 ಗ್ರಾಂ, ಅಕ್ಕಿ ಹಿಟ್ಟು 60 ಗ್ರಾಂ, ಹುರಿಗಡಲೆ ಪುಡಿ 40 ಗ್ರಾಂ, ಬೆಲ್ಲದ ಪುಡಿ 90 ಗ್ರಾಂ, ಅಡುಗೆಯ ಕೊಬ್ಬರಿ ಎಣ್ಣೆ 100 ಗ್ರಾಂ, ಮೇಲೆ ಹೇಳಿದ ಅಗಸೆ ಲೋಳೆ, ಅಡುಗೆ ಸೋಡಾ ಕಾಲು ಟೀ ಚಮಚ, ಚಿಟಿಕೆ ಉಪ್ಪು, ಏಲಕ್ಕಿ. ಹಾಲಿನ ಪ್ರೋಟೀನು ಇಲ್ಲದಿರುವುದರಿಂದ ತಗ್ಗುವ ಕಂಪನ್ನು ಬೆಲ್ಲ ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ.

ಮೆದು ಬೆಣ್ಣೆಯ ಹದಕ್ಕೆ ಹೆಪ್ಪುಗಟ್ಟಿದ ಎಣ್ಣೆಯನ್ನು ಬೆಲ್ಲದೊಡನೆ ತಿಳಿಬಣ್ಣ ಬರುವವರೆಗೆ ಕಡೆದು ಅಗಸೆ ಲೋಳೆ ಸೇರಿಸಬೇಕು. ಸೋಡಾ, ಉಪ್ಪು, ಏಲಕ್ಕಿ ಬೆರೆಸಿದ ಹಿಟ್ಟುಗಳನ್ನು ಹಾಕಿ ಕಲಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಈ ಅರ್ಧ ಗಂಟೆಯನ್ನು ಬಿಡುವಂತಿಲ್ಲ. ಅಕ್ಕಿ ಮತ್ತು ರಾಗಿ ನೀರು ಹೀರಿ ಮೃದುವಾಗುವುದು ಆಗಲೇ, ಎಣ್ಣೆ ಬಿಗಿಯಾಗುವುದೂ ಆಗಲೇ. ಅನಂತರ ಉಂಡೆ ಕಟ್ಟಿ, ಅಂಗೈಯಲ್ಲಿ ತುಸು ಒತ್ತಿ, ಬಟರ್ ಪೇಪರ್ ಹಾಸಿದ ತಟ್ಟೆಯಲ್ಲಿ ಅಂತರ ಬಿಟ್ಟು ಇಡಬೇಕು. ಸುಮಾರು 22 ಬಿಸ್ಕತ್ತುಗಳಾಗುತ್ತವೆ.

ಮೊದಲೇ ಕಾಯಿಸಿದ ಓವನ್ನಿನಲ್ಲಿ 160 ಡಿಗ್ರಿಯಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ಓವನ್ ಇಲ್ಲದವರು ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದ ಕುಕ್ಕರಿನ ತಳದಲ್ಲಿ ಉಪ್ಪು ಹರಡಿ, ಅದರ ಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಬಹುದು. ರಾಗಿ ಮೊದಲೇ ಕಂದು ಬಣ್ಣದ್ದಾದ್ದರಿಂದ ಬಣ್ಣ ನೋಡಿ ಹದ ಹೇಳಲಾಗದು. ಅಂಚು ಬಿಗಿದು ನಡುವೆ ಇನ್ನೂ ಮೆತ್ತಗಿರುವಾಗಲೇ ತೆಗೆಯಬೇಕು, ಇಲ್ಲವಾದರೆ ಬೆಲ್ಲ ಕಹಿಯಾಗುತ್ತದೆ. ಬಿಸಿ ಬಿಸ್ಕತ್ತನ್ನು ಎತ್ತಿದರೆ ಮುರಿಯುವುದು ಖಂಡಿತ. ತಟ್ಟೆಯಲ್ಲೇ 20 ನಿಮಿಷ ಆರಿದ ಮೇಲೆ ಅದು ತಾನಾಗಿ ಗಟ್ಟಿಯಾಗುತ್ತದೆ.

ಇದೇ ಹಿಟ್ಟಿಗೆ ಬೆಲ್ಲದ ಬದಲು ಎರಡು ಚಮಚ ಸಕ್ಕರೆ, ಹಸಿಮೆಣಸಿನಕಾಯಿ, ಕರಿಬೇವು, ಜೀರಿಗೆ ಸೇರಿಸಿ ಖಾರ ಬಿಸ್ಕತ್ತನ್ನೂ ಮಾಡಬಹುದು. ಬೆಲ್ಲದ ತೇವವಿಲ್ಲದ್ದರಿಂದ ಒಂದೆರಡು ಚಮಚ ನೀರು ಹೆಚ್ಚು ಬೇಕಾದೀತು. ಇಂಗು ಹಾಕುವವರು ಮಾತ್ರ ಡಬ್ಬಿಯನ್ನು ತಿರುಗಿಸಿ ಓದಬೇಕು: ಅಂಗಡಿಯ ಇಂಗಿನ ಪುಡಿಗೆ ಗೋಧಿ ಹಿಟ್ಟನ್ನು ಬೆರೆಸುವುದು ಸಾಮಾನ್ಯ ಪದ್ಧತಿ, ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಹುಡುಕಿದರೆ ಸಿಗುತ್ತದೆ.